ಹತ್ತು ಸಾವಿರದಲ್ಲಿ ಇನ್ಫೋಸಿಸ್: ಒಂದು ಸ್ಪಷ್ಟನೆ

'ಬರೀ 10,000 ರೂಪಾಯಿ ಹಿಡಿದು ಬೆಂಗಳೂರಲ್ಲಿ ಇನ್ಫೋಸಿಸ್ ಶುರು ಮಾಡಿದ್ರು, ನೀವೂ ಇವತ್ತೇ ಕೆಲಸ ಬಿಡಿ' ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಹಣದ ಮಾತು ನಿಜ. ಉಳಿದದ್ದು ಅರ್ಧ ಕಥೆ.

ಕಂಪನಿ ಹುಟ್ಟಿದ್ದು 1981ರಲ್ಲಿ, ಪುಣೆಯಲ್ಲಿ. ಬೆಂಗಳೂರಿಗೆ ಬಂದದ್ದು 1983ರಲ್ಲಿ. ಆ ಹತ್ತು ಸಾವಿರ ಸುಧಾ ಮೂರ್ತಿಯವರು ಕೂಡಿಟ್ಟ ಉಳಿತಾಯ. ಸ್ಥಾಪಕರು ಏಳು ಜನ. ಪಟ್ನಿ ಕಂಪ್ಯೂಟರ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು ಕೆಲಸ ಕಲಿತಿದ್ದವರು. ನಾರಾಯಣ ಮೂರ್ತಿಯವರಿಗೆ ಆಗ 34 ವರ್ಷ. ಅದಕ್ಕೂ ಮುಂಚೆ ಸಾಫ್ಟ್ರಾನಿಕ್ಸ್ ಎಂಬ ಕಂಪನಿ ಮಾಡಿ ಸೋತಿದ್ದರು. ಇದನ್ನು ಆ ಸಂದೇಶ ಹೇಳುವುದೇ ಇಲ್ಲ, ಅಲ್ವಾ?

ಆಮೇಲಿನ ದಾರಿಯೂ ಸುಲಭವಿರಲಿಲ್ಲ. ಒಂದು ಫೋನ್ ಸಂಪರ್ಕಕ್ಕೇ ವರ್ಷ ಕಾಯಬೇಕಾಯಿತು ಎಂದು ಮೂರ್ತಿಯವರೇ ಹೇಳಿದ್ದಾರೆ. 1990ರಲ್ಲಿ ಕಂಪನಿ ಮಾರುವ ಮಾತು ಬಂತು. ಬೆಲೆ 10 ಲಕ್ಷ ಡಾಲರ್. ಮಾರುವುದಾದರೆ ನಿಮ್ಮೆಲ್ಲರ ಪಾಲನ್ನೂ ನಾನೇ ಕೊಳ್ಳುತ್ತೇನೆ ಎಂದು ಮೂರ್ತಿ ಪಟ್ಟು ಹಿಡಿದರು. ಜೊತೆಗಾರರು ಉಳಿದರು. ಷೇರುಪೇಟೆಗೆ ಬಂದದ್ದು 1993ರಲ್ಲಿ, ಶುರುವಾಗಿ 12 ವರ್ಷದ ಮೇಲೆ.

ನನಗೆ ಈ ಸಂದೇಶದ ಮೇಲೆ ಬೇಸರ ಇರುವುದು ಇದಕ್ಕೇ. ಇದನ್ನು ನಂಬಿ ಸುಮ್ನೆ ಕೆಲಸ ಬಿಡಬೇಡಿ. ಮೊದಲು ಕೆಲಸ ಕಲಿಯಿರಿ, ಒಳ್ಳೆಯ ಜೊತೆಗಾರರನ್ನು ಹುಡುಕಿ, ಮನೆಖರ್ಚಿಗೆ ದಾರಿ ಮಾಡಿಕೊಳ್ಳಿ. ಸಂದೇಶ ಕಳಿಸಿದವರಿಗೂ ಇದನ್ನು ತಿಳಿಸಿ.