ಐದು ದಿನದ ಸೈಟು: ಗ್ಲಾಸ್ಟನ್‌ಬರಿ ಲೇಔಟ್

ಕೆರೆ ಅಂಗಳದಲ್ಲಿ ಸೈಟು ಕೊಂಡ ಬೆಂಗಳೂರಿನವರು ಮಳೆಗಾಲ ಬಂತೆಂದರೆ ಬಿಲ್ಡರ್‌ನಿಂದ ಹಿಡಿದು ಹಿಂದಿನ ಸರ್ಕಾರದವರೆಗೆ ಎಲ್ಲರಿಗೂ ಶಾಪ ಹಾಕುತ್ತಾರೆ. ಇಂಗ್ಲೆಂಡಿನ ಸಾಮರ್‌ಸೆಟ್ ಕೌಂಟಿಯ ಪಿಲ್ಟನ್ ಎಂಬ ಹಳ್ಳಿಗೆ ಜೂನ್ ಕೊನೆಯ ವಾರ ಬರುವ ಸುಮಾರು ಎರಡು ಲಕ್ಷ ಜನರದು ಇನ್ನೂ ಪ್ರಬುದ್ಧ ಸಂಸ್ಕೃತಿ. ತಗ್ಗಿನ ಜಾಗಕ್ಕೆ ತಾವಾಗಿಯೇ ದುಡ್ಡು ಕಟ್ಟಿ, ಐದು ದಿನಕ್ಕೆ ಟೆಂಟು ಹಾಕಿ, ಮುಳುಗಿ, ಮುಳುಗಿದ ಫೋಟೊ ಹಂಚಿ, ಮುಂದಿನ ಸಲಕ್ಕೆ ಅಡ್ವಾನ್ಸ್ ಕೊಡುತ್ತಾರೆ. ಇದರ ಹೆಸರು ಗ್ಲಾಸ್ಟನ್‌ಬರಿ ಸಂಗೀತೋತ್ಸವ.

ಮೂಲ ಜಮೀನು ಹಾಲಿನ ಡೇರಿಯದು. 1970ರಲ್ಲಿ ಮೈಕೆಲ್ ಈವಿಸ್ ಎಂಬ ರೈತರು ತಮ್ಮ ವರ್ದಿ ಫಾರ್ಮ್‌ನಲ್ಲಿ ಮೊದಲ ಸಂಗೀತ ಮೇಳ ಇಟ್ಟಾಗ ಟಿಕೆಟ್ಟಿಗೆ 1 ಪೌಂಡ್, ಜೊತೆಗೆ ಹಾಲು ಪುಕ್ಕಟೆ. 2025ರಲ್ಲಿ ಬುಕಿಂಗ್ ಶುಲ್ಕ ಸೇರಿ 378.50 ಪೌಂಡ್, ಅಂದರೆ ನಲವತ್ತು ಸಾವಿರ ರೂಪಾಯಿಗೂ ಮೇಲೆ. ಹಾಲಿಗೆ ಬೇರೆ ದುಡ್ಡು. ಆದರೂ ಆ ವರ್ಷದ ಟಿಕೆಟ್ಟುಗಳು ಅರ್ಧ ಗಂಟೆ ಚಿಲ್ಲರೆಯಲ್ಲಿ ಖಾಲಿ. ಕೊಳ್ಳುವವರು ಮೊದಲೇ ಫೋಟೊ ಸಮೇತ ನೋಂದಣಿ ಮಾಡಿಸಿರಬೇಕು, ಮುಂಗಡ ಕಟ್ಟಬೇಕು (2025ಕ್ಕೆ 75 ಪೌಂಡ್), ಬೇರೆಯವರ ಹೆಸರಿಗೆ ಪರಭಾರೆ ಮಾಡುವಂತಿಲ್ಲ. ನಮ್ಮ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲೂ ಇಷ್ಟು ಬಿಗಿ ಇಲ್ಲ. ಯಾರು ಹಾಡುತ್ತಾರೆ ಎನ್ನುವುದು ಬಹುಮಟ್ಟಿಗೆ ದುಡ್ಡು ಕಟ್ಟಿದ ಮೇಲೆ ತಿಳಿಯುತ್ತದೆ. ತಿಳಿದು ಆಗಬೇಕಾದ್ದೂ ಏನಿಲ್ಲ. ಬಿಬಿಸಿ ಬಹುತೇಕ ದೊಡ್ಡ ಸಂಗೀತ ಕಛೇರಿಗಳನ್ನು ಮನೆಯ ಸೋಫಾಕ್ಕೇ ತಲುಪಿಸುತ್ತದೆ. ಒಣಗಿದ ಕಾಲಲ್ಲಿ ಸಂಗೀತ ಕೇಳುವವರು ಕೇಳಲಿ. ಹೊಲಕ್ಕೆ ಹೋಗುವವರ ಉದ್ದೇಶವೇ ಬೇರೆ.

ಇನ್ನು ಸೈಟಿನ ವಿಚಾರ. ಜಾಗ ಕಣಿವೆಯದು, ಮಣ್ಣು ಜೇಡಿ, ನಡುವೆ ವೈಟ್‌ಲೇಕ್ ಎಂಬ ಸಣ್ಣ ಹೊಳೆ. ಜೇಡಿಮಣ್ಣು ನೆಂದಾಗ ಅದರ ಮೇಲೆ ನಾಲ್ಕು ಲಕ್ಷ ಪಾದ ಓಡಾಡಿದರೆ ಮಣ್ಣಿನ ರಂಧ್ರಗಳೆಲ್ಲ ಮುಚ್ಚಿ ನೀರು ಕೆಳಗಿಳಿಯುವುದು ನಿಲ್ಲುತ್ತದೆ. ಭತ್ತ ಬೆಳೆಯುವವರು ಗದ್ದೆಯನ್ನು ಬೇಕೆಂದೇ ಹೀಗೆ ತುಳಿಸುತ್ತಾರೆ, ಅದಕ್ಕೆ ಕೂಲಿಯನ್ನೂ ಕೊಡುತ್ತಾರೆ. ಇಲ್ಲಿ ತುಳಿಯುವವರೇ ಕೂಲಿ ಕೊಡುವುದು ಒಂದು ಸುಧಾರಣೆ. ನಾಟಿಯೊಂದು ಬಾಕಿ.

ಗೇಟು ಬುಧವಾರ ತೆರೆಯುತ್ತದೆ. ಅನುಭವಸ್ಥರು ಅವತ್ತೇ ಬಂದು ದಿಬ್ಬದ ಮೇಲಿನ ಜಾಗ ಹಿಡಿಯುತ್ತಾರೆ. ಶುಕ್ರವಾರ ಬರುವವರಿಗೆ ಉಳಿಯುವುದು ರಾಜಕಾಲುವೆಯ ಪಕ್ಕದ್ದು. 2005ರ ಶುಕ್ರವಾರ ಬೆಳಗಿನ ಗುಡುಗು ಮಳೆಗೆ ಪೆನಾರ್ಡ್ ಗುಡ್ಡದ ಬುಡದ ಟೆಂಟುಗಳು ಮುಳುಗಿದವು. ಹಾಗಂತ ದಿಬ್ಬವೆಲ್ಲ ಒಳ್ಳೆಯದಲ್ಲ. ಶೌಚಾಲಯದ ಕೆಳಗಿನ ಇಳಿಜಾರು ಬೇಡ, ಕಾರಣ ಹೇಳಬೇಕಿಲ್ಲ. ನಲ್ಲಿಯ ಹತ್ತಿರ ಬೇಡ, ಮಳೆ ಬರದಿದ್ದರೂ ಅಲ್ಲಿ ಕೆಸರು. ಕಾಲುದಾರಿಯ ಅಂಚಿನ ಕಾರ್ನರ್ ಸೈಟು ನೋಡಲು ಚೆಂದ, ಆದರೆ ರಾತ್ರಿ ಮೂರಕ್ಕೆ ಯಾರೋ ಗೂಟದ ಹಗ್ಗಕ್ಕೆ ಎಡವಿ ನಿಮ್ಮ ಮೇಲೆಯೇ ಗೃಹಪ್ರವೇಶ ಮಾಡುತ್ತಾರೆ.

ಟೆಂಟಿನ ಕೆಳಗೆ ಪ್ಲಾಸ್ಟಿಕ್ ಹಾಸುವವರು ಎಲ್ಲರೂ ಮಾಡುವ ತಪ್ಪೊಂದಿದೆ. ಹಾಸು ಟೆಂಟಿಗಿಂತ ಒಂದು ಗೇಣು ಹೊರಗೆ ಚಾಚಿಕೊಂಡಿರುತ್ತದೆ. ಹೊರ ಹೊದಿಕೆಯಿಂದ ಇಳಿದ ನೀರು ನೇರ ಅದರ ಮೇಲೆ ಬಿದ್ದು, ಹಾಸಿಗೂ ಟೆಂಟಿನ ತಳಕ್ಕೂ ನಡುವೆ ಹರಿದು ನಿಲ್ಲುತ್ತದೆ. ನೀವು ಮಂಡಿಯೂರಿ ಜಿಪ್ ಎಳೆಯುವಾಗ ಆ ಭಾರಕ್ಕೆ ನೀರು ಬಟ್ಟೆಯೊಳಗೆ ನುಗ್ಗುತ್ತದೆ. ಆದ್ದರಿಂದ ಹಾಸನ್ನು ನಾಲ್ಕೂ ಕಡೆ ಒಳಕ್ಕೆ ಮಡಚಬೇಕು. ಹೊರ ಹೊದಿಕೆ ಒಳ ಟೆಂಟಿಗೆ ತಾಗದಂತೆ ಹಗ್ಗ ಬಿಗಿಯಬೇಕು, ತಾಗಿದ ಕಡೆಯಿಂದ ತೇವ ಒಳಗಿಳಿಯುತ್ತದೆ. ಗೂಟದ ತಲೆ ಟೆಂಟಿನಿಂದ ಹೊರಕ್ಕೆ ವಾಲಿರಲಿ; ನೆಟ್ಟಗೆ ನೆಟ್ಟರೆ ನೆಂದ ಮಣ್ಣಿನಿಂದ ಬೆಣ್ಣೆಯಲ್ಲಿಟ್ಟ ಹಾಗೆ ಕಿತ್ತು ಬರುತ್ತದೆ. ತಲೆ ಏರಿನ ಕಡೆ, ಕಾಲು ಇಳಿಜಾರಿನ ಕಡೆ ಇಟ್ಟು ಮಲಗಬೇಕು. ಇಷ್ಟೆಲ್ಲ ಮಾಡಿಯೂ ಬೆಳಿಗ್ಗೆ ಒಳಗೆ ಹನಿ ಬೀಳುತ್ತಿದ್ದರೆ ಅದು ಮಳೆಯಲ್ಲ, ಒಳಗೆ ಮಲಗಿದ ನಾಲ್ವರ ಉಸಿರು. ಗಾಳಿಕಿಂಡಿ ಮುಚ್ಚಿದವರು ಯಾರು ಎಂದು ವಿಚಾರಿಸಿ.

ಕೆಸರಲ್ಲೂ ಜಾತಿಗಳಿವೆ. ಮಳೆ ಸುರಿಯುತ್ತಿರುವಾಗಿನದು ತಿಳಿಸಾರು, ನಡೆಯಲು ಸಲೀಸು. ಮಳೆ ನಿಂತು ಬಿಸಿಲು ಬಿತ್ತೆಂದು ಜನ ಕುಣಿದಾಡುವ ಹೊತ್ತಿನಲ್ಲೇ ಅದು ಅಂಟಾಗುತ್ತದೆ, ಗಮ್‌ಬೂಟು ಕಚ್ಚಿಕೊಳ್ಳುತ್ತದೆ. ಆಗ ಕಾಲನ್ನು ಮೇಲಕ್ಕೆ ಜಗ್ಗಿದರೆ ಬೂಟು ಅಲ್ಲೇ, ಕಾಲುಚೀಲ ಗಾಳಿಯಲ್ಲಿ. ಹಿಮ್ಮಡಿಯನ್ನು ಆ ಕಡೆ ಈ ಕಡೆ ಹೊರಳಿಸಿ ಅಡಿಗೆ ಗಾಳಿ ಹೋಗುವಂತೆ ಮಾಡಿ, ಆಮೇಲೆ ಎತ್ತಬೇಕು. ಕಾಲುಚೀಲ ಬೂಟಿನ ಬಾಯಿಗಿಂತ ಉದ್ದವಿರಲಿ, ಇಲ್ಲದಿದ್ದರೆ ರಬ್ಬರ್ ಅಂಚು ಮೀನಖಂಡವನ್ನು ಉಜ್ಜಿ ಚರ್ಮ ಕೀಳುತ್ತದೆ. ದಿನವಿಡೀ ಒದ್ದೆ ಕಾಲಿನಲ್ಲಿದ್ದರೆ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರಿಗೆ ಬರುತ್ತಿದ್ದ ಟ್ರೆಂಚ್ ಫುಟ್ ಎಂಬ ಪಾದದ ಕಾಯಿಲೆ ಬರಬಹುದು. ಆ ಸೈನಿಕರಿಗೆ ಟಿಕೆಟ್ ಇರಲಿಲ್ಲ. 2005ರಲ್ಲಿ ಕೇಟ್ ಮಾಸ್ ಎಂಬ ರೂಪದರ್ಶಿ ಹಂಟರ್ ಕಂಪನಿಯ ಗಮ್‌ಬೂಟು ತೊಟ್ಟು ಇದೇ ಕೆಸರಲ್ಲಿ ನಡೆದ ಫೋಟೊ ಬಂದ ಮೇಲೆ, ಸಗಣಿ ಬಾಚುವವರ ಪಾದರಕ್ಷೆಗೆ ಫ್ಯಾಷನ್ ಪುಟದಲ್ಲಿ ಜಾಗ ಸಿಕ್ಕಿತು. ಸಗಣಿ ಬಾಚುವವರಿಗೆ ಇನ್ನೂ ಸಿಕ್ಕಿಲ್ಲ.

ಈ ಲೇಔಟಿನಲ್ಲಿ ಎಲ್ಲರೂ ಸಮಾನರು ಎಂಬ ಮಾತೂ ಚಾಲ್ತಿಯಲ್ಲಿದೆ. ನಿಜವೇ. ಸಮಾನತೆ ಬೇಡವಾದವರಿಗೆ ಬೇಲಿಯಾಚೆ ಹಾಸಿಗೆ, ಕಾರ್ಪೆಟ್, ಬಿಸಿನೀರಿನ ಸ್ನಾನ ಇರುವ ಟೆಂಟುಗಳನ್ನು ಸಾವಿರಾರು ಪೌಂಡಿಗೆ ಖಾಸಗಿಯವರು ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ಉಳಿದವರು ಮಧ್ಯಾಹ್ನ ಬಂದು, ಬೂಟಿಗೆ ಸಾಕಷ್ಟು ಕೆಸರು ಹತ್ತಿಸಿಕೊಂಡು, ಸಂಜೆ ಹೋಗಿ ತೊಳೆದುಕೊಳ್ಳುತ್ತಾರೆ.

ಶೌಚಾಲಯದ ಬಗ್ಗೆ ಮರ್ಯಾದಸ್ಥರು ಬರೆಯುವುದಿಲ್ಲ, ಆದರೆ ಬಿಡಲಾಗದು. ಲಾಂಗ್ ಡ್ರಾಪ್ ಎನ್ನುವವು ದೊಡ್ಡ ಗುಂಡಿಯ ಮೇಲೆ ಸಾಲಾಗಿ ನಿಲ್ಲಿಸಿದ, ಮೇಲೆ ಚಾವಣಿಯಿಲ್ಲದ ಬಾಗಿಲುಗಳು. ಗಾಳಿಯಾಡುವುದರಿಂದ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಗಿಂತ ವಾಸಿ ಎಂಬುದು ಬಲ್ಲವರ ತೀರ್ಪು. ಮಳೆ ಬಂದರೆ ಕೂತಲ್ಲೇ ಅಭ್ಯಂಜನ. ಸರದಿ ನೋಡಿಕೊಳ್ಳಲು ವಾಟರ್‌ಏಡ್ ಸಂಸ್ಥೆಯ ಸ್ವಯಂಸೇವಕರು ಇರುತ್ತಾರೆ. ಜಗತ್ತಿಗೆಲ್ಲ ನೀರು ಮುಟ್ಟಿಸಲು ಹೊರಟ ಸಂಸ್ಥೆಗೆ ನೆರವು ಕೂಡಿಸಲು ಇದಕ್ಕಿಂತ ಒದ್ದೆಯಾದ ಜಾಗ ಸಿಗಲಿಕ್ಕಿಲ್ಲ.

ಬಯಲಲ್ಲಿ ಮೂತ್ರ ಮಾಡಬೇಡಿ ಎಂದು ಸಂಘಟಕರು ಗೋಗರೆಯುವುದಕ್ಕೆ ಕಾರಣವಿದೆ. 2019ರ ಮೇಳದ ಹಿಂದುಮುಂದಿನ ದಿನಗಳಲ್ಲಿ ವೈಟ್‌ಲೇಕ್ ಹೊಳೆಯ ನೀರು ತೆಗೆದು ನೋಡಿದ ಬ್ಯಾಂಗರ್ ವಿಶ್ವವಿದ್ಯಾಲಯದವರಿಗೆ ಅದರಲ್ಲಿ ಕೊಕೇನ್ ಸಿಕ್ಕಿತು, ಎಂಡಿಎಂಎ ಎಂಬ ಮಾದಕ ವಸ್ತು ಕೂಡ ಸಿಕ್ಕಿತು. ಅಳಿವಿನಂಚಿನಲ್ಲಿರುವ ಯುರೋಪಿನ ಹಾವುಮೀನಿಗೆ ಇದರಿಂದ ಅಪಾಯ ಎಂದು ಅವರ ಆತಂಕ. ಇಡೀ ಮೇಳಕ್ಕೆ ಟಿಕೆಟ್ಟಿಲ್ಲದೆ, ಫೋಟೊ ನೋಂದಣಿಯಿಲ್ಲದೆ ಒಳಗಿದ್ದು ಪೂರ್ತಿ ಅನುಭವ ಪಡೆದ ಜೀವಿ ಅದೊಂದೇ.

ಸೋಮವಾರ ಜನ ಖಾಲಿಯಾಗುತ್ತಾರೆ. ಗುರುತು ಉಳಿಸದೆ ಹೋಗಿ ಎಂಬುದು ಘೋಷವಾಕ್ಯ. ಪರಿಸರದ ಹಾಡಿಗೆ ಕೈಬೀಸಿದವರಲ್ಲಿ ಕೆಲವರು ನೆಂದು ಭಾರವಾದ ಟೆಂಟನ್ನು ಅಲ್ಲೇ ಬಿಟ್ಟು ನಡೆಯುತ್ತಾರೆ. ಆಮೇಲೆ ಕಸ ಹೆಕ್ಕುವವರ ದಂಡು ಇಳಿಯುತ್ತದೆ. ಟ್ರ್ಯಾಕ್ಟರಿಗೆ ಅಯಸ್ಕಾಂತ ಕಟ್ಟಿ ಹುಲ್ಲಿನ ಮೇಲೆ ಎಳೆಯುತ್ತಾರೆ, ಉಳಿದ ಕಬ್ಬಿಣದ ಗೂಟ ಮೇಯುವ ಹಸುವಿನ ಹೊಟ್ಟೆ ಸೇರದಿರಲೆಂದು. ಐದಾರು ವರ್ಷಕ್ಕೊಮ್ಮೆ ಹೊಲ ಸುಧಾರಿಸಿಕೊಳ್ಳಲಿ ಎಂದು ಮೇಳವನ್ನೇ ಬಿಡುತ್ತಾರೆ. 2026 ಅಂಥ ಬೀಳು ವರ್ಷ. ಅದೇ ಇಳಿಜಾರು, ಅದೇ ಜೇಡಿ, ಮಳೆ ಬಂದರೆ ಅದೇ ಕೆಸರು. ಪುಕ್ಕಟೆ ಸಿಗುತ್ತದೆಂದು ಗೊತ್ತಾದ ಮೇಲೆ ಅದರಲ್ಲಿ ಮಲಗಲು ಒಬ್ಬರೂ ಬರುವುದಿಲ್ಲ.