ರಿಪೇರಿ ಮಾಡುವವರೂ ಅಲ್ಲೇ ಇರಬೇಕು

ಹವಾಮಾನ ತಂತ್ರಜ್ಞಾನ ಬಡ ದೇಶಗಳಿಗೆ ತಲುಪದಿರಲು ಹಣದ ಕೊರತೆಯೇ ಕಾರಣ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಹಣ ಬೇಕು, ಒಪ್ಪುತ್ತೇನೆ. ಆದರೆ ಯಂತ್ರ ಬಂದಿಳಿದ ಮೇಲೆ ಏನಾಗುತ್ತದೆ ಅನ್ನೋದು ಅದಕ್ಕಿಂತ ಜಾಸ್ತಿ ಮುಖ್ಯ ಅಲ್ವಾ?

ಒಂದು ಸೋಲಾರ್ ಪಂಪನ್ನೇ ನೋಡಿ. ಪ್ಯಾನೆಲ್ 20 ವರ್ಷಕ್ಕೂ ಹೆಚ್ಚು ಬಾಳುತ್ತದೆ. ಪಂಪನ್ನು ನಿಯಂತ್ರಿಸುವ ಕಂಟ್ರೋಲರ್ ಪೆಟ್ಟಿಗೆ ಅಷ್ಟು ಕಾಲ ಬರುವುದಿಲ್ಲ. ಒಂದು ದಿನ ಅದರ ಮೇಲೆ ಕೆಂಪು ದೀಪ ಮಿನುಗುತ್ತದೆ, ಪರದೆಯಲ್ಲಿ ಏನೋ ಕೋಡ್ ಬರುತ್ತದೆ. ಆ ಕೋಡ್ ಓದಬಲ್ಲವರು ಸಮುದ್ರದಾಚೆ ಇದ್ದರೆ, ಬಿಡಿಭಾಗವೂ ಅಲ್ಲಿಂದಲೇ ಬರಬೇಕಾದರೆ, ಬಿಸಿಲು ಸುರಿಯುತ್ತಿದ್ದರೂ ಹೊಲ ಒಣಗುತ್ತದೆ. ಇದನ್ನು ತಂತ್ರಜ್ಞಾನ ವರ್ಗಾವಣೆ ಎಂದು ಹೇಗೆ ಕರೆಯುವುದು?

2010ರಲ್ಲಿ ಮೆಕ್ಸಿಕೋದ ಕ್ಯಾನ್‌ಕುನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮಾವೇಶದಲ್ಲಿ ತಂತ್ರಜ್ಞಾನ ವರ್ಗಾವಣೆಗೆಂದೇ ಒಂದು ವ್ಯವಸ್ಥೆ ಹುಟ್ಟಿತು. ಅದರ ಭಾಗವಾದ ಸಿಟಿಸಿಎನ್ (ಹವಾಮಾನ ತಂತ್ರಜ್ಞಾನ ಕೇಂದ್ರ ಮತ್ತು ಜಾಲ) ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿದೆ. ದೇಶಗಳು ತಾವಾಗಿಯೇ ಕೇಳಿದಾಗ ತಜ್ಞರ ನೆರವನ್ನು ಉಚಿತವಾಗಿ ಕೊಡುತ್ತದೆ. ಬೇಕಾದ್ದನ್ನು ಪಡೆಯುವವರೇ ಹೇಳುತ್ತಾರೆ, ಅದು ನನಗೆ ತುಂಬಾ ಹಿಡಿಸಿತು.

ಭೂಮಿಯ ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದವನ್ನೂ ನೆನಪಿಸಬೇಕು. ಅದರ ನಿಧಿ 1991ರಲ್ಲಿ ಶುರುವಾಯಿತು. ಓಝೋನ್ ಕೆಡಿಸುವ ಅನಿಲ ಬಳಸುತ್ತಿದ್ದ ಕಾರ್ಖಾನೆಗಳನ್ನು ಬದಲಿಸಲು ಸುಮ್ನೆ ದುಡ್ಡು ಕೊಟ್ಟು ಕೂರಲಿಲ್ಲ. ಫ್ರಿಜ್, ಎಸಿ ರಿಪೇರಿ ಮಾಡುವ ಮೆಕ್ಯಾನಿಕ್‌ಗಳಿಗೂ ತರಬೇತಿ ಕೊಡಿಸಿತು. ಆ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿಯುವುದನ್ನು ಅವರು ಕೈಯಾರೆ ಮಾಡಿ ಕಲಿತರು.

ಪ್ರತಿ ಹವಾಮಾನ ಪಾಲುದಾರಿಕೆಯಲ್ಲೂ ತರಬೇತಿಗೆ, ಬಿಡಿಭಾಗಗಳಿಗೆ, ಅಲ್ಲಿನ ಭಾಷೆಯ ಕೈಪಿಡಿಗೆ ಮೊದಲೇ ಹಣ ತೆಗೆದಿಡಲಿ. ಯಂತ್ರದ ಆರ್ಡರ್ ಆಮೇಲೆ ಹೋಗಲಿ.