ಆಪರೇಷನ್ ಸಕ್ಸಸ್ ಅಂದ ಮೇಲಿನ ರಾತ್ರಿಗಳು

ಅಂಗಳದಲ್ಲಿ ಒಣಹಾಕಿದ ಅಡಿಕೆ ಮೇಲೆ ಕಾಲಿಟ್ಟು ಜಾರಿ ದೊಡ್ಡಪ್ಪನ ಸೊಂಟದ ಎಲುಬು ಮುರಿದಾಗ ಅವರಿಗೆ 76. ಶುಗರ್ ಇತ್ತು, ಬೀಡಿಯೂ ಇತ್ತು. ಕಾಸರಗೋಡಿನ ಬದಿಯಡ್ಕದಿಂದ ಆಂಬ್ಯುಲೆನ್ಸಲ್ಲಿ ಮಂಗಳೂರು, ಮರುದಿನವೇ ಆಪರೇಷನ್, ಡಾಕ್ಟರ್ ಹೊರಗೆ ಬಂದು ಸಕ್ಸಸ್ ಅಂದ್ರು, ನಾವು ಊರಿಗೆಲ್ಲ ಫೋನ್ ಮಾಡಿಯೂ ಆಯ್ತು. ಮೂರನೇ ರಾತ್ರಿ ಬೈಸ್ಟ್ಯಾಂಡರ್, ಅಂದ್ರೆ ರೋಗಿಯ ಜೊತೆ ಕೂರುವವ, ನಾನೇ. ಉಸಿರು ಜೋರಾಯ್ತು, ಎರಡು ಸಲ ಹೋಗಿ ಡ್ಯೂಟಿಯಲ್ಲಿ ಇದ್ದವರಿಗೆ ಹೇಳಿದೆ, ನಿದ್ದೆ ಇಲ್ಲದ್ದಕ್ಕೆ ಹಾಗೆ ಅಂದ್ರು. ಬೆಳಗ್ಗೆ ಐಸಿಯು, ನ್ಯುಮೋನಿಯಾ. ಐದನೇ ದಿನ ಹೋದ್ರು.

ನಾವೆಲ್ಲ ಹೆದರುವುದು ಆಪರೇಷನ್ ಟೇಬಲಿಗೆ. ಆದ್ರೆ ವಯಸ್ಸಾದವರು, ಶುಗರ್, ಹಾರ್ಟ್ ತೊಂದ್ರೆ ಇರುವವರು ಹೆಚ್ಚಾಗಿ ಕೈಬಿಟ್ಟು ಹೋಗುವುದು ಆಮೇಲಿನ ದಿನಗಳಲ್ಲಿ ಮಾರಾಯ್ರೆ. ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಆಪರೇಷನ್‌ಗಳ ಲೆಕ್ಕ ತೆಗೆದು 2006ರಲ್ಲಿ ಪ್ರಕಟಿಸಿದ್ರು: ಹೈ ರಿಸ್ಕ್, ಅಂದ್ರೆ ಜೀವಕ್ಕೆ ಅಪಾಯ ಹೆಚ್ಚಿರುವ ಆಪರೇಷನ್ 100ರಲ್ಲಿ 12-13 ಮಾತ್ರ, ಆದ್ರೆ ಸಾವಿನಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಅಂಥವರದ್ದೇ, ಆ ಹೈ ರಿಸ್ಕಿನವರಲ್ಲಿ ಐಸಿಯು ಕಂಡವರು 100ಕ್ಕೆ 15 ಸಹ ಇಲ್ಲ. ಅದನ್ನು ಓದಿದ ದಿನ ನನಗೆ ಆ ಮೂರನೇ ರಾತ್ರಿಯೇ ಕಣ್ಣೆದುರು ಬಂತು.

ಸೊಂಟ ಮುರಿದವರಿಗೆ ಕಾಯ್ಲಿಕ್ಕೆ ಆಗುವುದಿಲ್ಲ, ಒಂದೆರಡು ದಿನದೊಳಗೆ ಮಾಡ್ಲೇಬೇಕು. ಕಾಯ್ಬಹುದಾದ ಆಪರೇಷನ್ ಆದ್ರೆ ಕಾಯಿರಿ. ಅಮ್ಮನ ಮಂಡಿ ಆಪರೇಷನಿಗೆ ಅಣ್ಣ ದುಬೈಯಿಂದ ರಜೆ ಹಾಕಿ ಬಂದಿದ್ದ, ಅರಿವಳಿಕೆ ಕೊಡುವ ಅನಸ್ತೇಶಿಯಾ ಡಾಕ್ಟರ್ ಹೀಮೋಗ್ಲೋಬಿನ್ 8.6 ನೋಡಿ ರಕ್ತ ಕಡಿಮೆ ಉಂಟು, ಈಗ ಬೇಡ, ಒಂದು ತಿಂಗಳು ಬಿಟ್ಟು ಬನ್ನಿ ಅಂದ್ರು. ಅಣ್ಣನಿಗೆ ಎಂತ ಕೋಪ! ಆದ್ರೆ ಐರನ್ ಡ್ರಿಪ್ ಹಾಕಿಸಿ, ಶುಗರ್ ಇಳಿಸಿ, ದಿನಾ ಜಗಲಿಯಲ್ಲಿ ಕೂತು ಆ ಮೂರು ಗೋಲಿಯ ಉಸಿರಾಟದ ಡಬ್ಬಿ ಅಭ್ಯಾಸ ಮಾಡಿಸಿದೆವು. ಸಿಸ್ಟರ್ ಮಲೆಯಾಳದಲ್ಲಿ ಹೇಳಿಕೊಟ್ಟದ್ದಕ್ಕೆ ಅಮ್ಮ ತಲೆಯಾಡಿಸಿದ್ರು, ಮನೆಗೆ ಬಂದು ನೋಡಿದ್ರೆ ಊದುತ್ತಾ ಇದ್ದಾರೆ. ಊದುವುದಲ್ಲ ಅಮ್ಮ, ಒಳಗೆ ಎಳೆಯುವುದು, ನಿಧಾನಕ್ಕೆ. ಉಸಿರು ಎಳೆದಾಗ ಡಬ್ಬಿಯ ಎರಡನೇ ಗೋಲಿ ಮೇಲೇಳ್ಲಿಕ್ಕೆ ವಾರ ಹಿಡಿಯಿತು. ಆಪರೇಷನ್ ಆದ ಮರುದಿನವೇ ವಾಕರ್ ಹಿಡಿದು ಬಾತ್ರೂಮಿಗೆ ನಡೆದ್ರು.

ನಮ್ಮ ಕಡೆಯವರು ಮಂಗಳೂರಿಗೆ 50 ಕಿಲೋಮೀಟರ್ ಹೋಗ್ಬೇಕಲ್ಲ ಅಂತ ಆಪರೇಷನಿನ ಹಿಂದಿನ ಸಂಜೆ ಹೋಗಿ ಅಡ್ಮಿಟ್ ಆಗುವುದು, ಮತ್ತೆ ತಯಾರಿಗೆ ಸಮಯ ಎಲ್ಲುಂಟು? ಮೊದಲೇ ಅನಸ್ತೇಶಿಯಾ ಡಾಕ್ಟರನ್ನು ಕಾಣಿ. ಮೊದಲ ರಾತ್ರಿಗಳಲ್ಲಿ ಯಾರು ನೋಡಿಕೊಳ್ತಾರೆ, ಐಸಿಯು ಬೇಕಾದೀತಾ, ಕೇಳಿ, ನಾಚಬೇಡಿ. ರಾತ್ರಿ ವಾಚ್ ಇಟ್ಕೊಂಡು ಉಸಿರು ಎಣಿಸಿ, ನಿಮಿಷಕ್ಕೆ 25 ಮುಟ್ಟಿದ್ರೆ ಡಾಕ್ಟರ್ ಬರುವವರೆಗೆ ಬಿಡ್ಬೇಡಿ.

ಪಕ್ಕದ ಮನೆ ಅಜ್ಜನಿಗೆ ಎರಡು ತಿಂಗಳು ಬಿಟ್ಟು ಹರ್ನಿಯಾ ಆಪರೇಷನ್. ಬೀಡಿ ಈಗಲೇ ಬಿಡ್ಬೇಕು ಅಂತ ನಿನ್ನೆ ಹೇಳಿ ಬಂದೆ. ರಾತ್ರಿ ಕೂರ್ಲಿಕ್ಕೆ ನಾನು ಬರ್ತೇನೆ ಅಂತಲೂ ಹೇಳಿದ್ದೇನೆ.